ಒಂದನೇ ನಂಬರಿನ ಮಳೆಗಾಲ

ಈ ಜೂನ್‌ನಲ್ಲಿ ಗೋವಾದ ಕಾಣಕೋಣಕ್ಕೆ ಹೋಗುವ ಕೆಲಸ ಬಿತ್ತು. ಮಡಗಾಂವ್ ಸ್ಟೇಷನ್ನಿನಲ್ಲಿ ಇಳಿದಾಗ ಮಳೆ ಎಷ್ಟು ಜೋರಿತ್ತೆಂದರೆ ಎದುರಿಗೆ ನಿಂತ ರಿಕ್ಷಾಗಳು ಕಾಣುತ್ತಿರಲಿಲ್ಲ, ಹಾರ್ನ್ ಮಾತ್ರ ಕೇಳುತ್ತಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಕೊಡೆ ಬಿಚ್ಚಿ ಮಾರ್ಕೆಟ್ಟಿನ ದಿಕ್ಕಿಗೆ ನಡೆದೆ. ಮೋತಿ ಡೊಂಗರ್ ಗುಡ್ಡ ಹತ್ತುವ ಮೆಟ್ಟಿಲುಗಳ ಹತ್ತಿರ ಬಂದಾಗ ಯಾರದೋ ಮನೆಯೊಳಗಿಂದ ಜೋಳದ ರೊಟ್ಟಿ ಒಣಗುವ ವಾಸನೆ ಬಂತು. ರೊಟ್ಟಿ ಬೇಯುವಾಗ ಒಂದು ವಾಸನೆ ಇರುತ್ತದೆ. ಬೆಂದ ರೊಟ್ಟಿಯನ್ನು ಖಡಕ್ ಆಗಲೆಂದು ಒಲೆಯ ಸುತ್ತ ನಿಲ್ಲಿಸಿದಾಗ ಬರುವುದು ಬೇರೆಯದೇ ವಾಸನೆ, ಸ್ವಲ್ಪ ಹೊಗೆ, ಸ್ವಲ್ಪ ಹುರಿದ ಹಿಟ್ಟು. ಕೊಡೆ ಹಿಡಿದುಕೊಂಡು ದಾರಿಯ ನಡುವೆಯೇ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಮೀನಿನ ಬುಟ್ಟಿಯ ಹೆಂಗಸು ಕೊಂಕಣಿಯಲ್ಲಿ ಏನೋ ಬೈದು ಪಕ್ಕದಿಂದ ದಾಟಿ ಹೋದಳು. ಬೈದದ್ದು ಸರಿಯಾಗಿಯೇ ಇತ್ತು.

ಮೂರು ವರ್ಷದ ಹಿಂದೆ ಒಂದು ಇಡೀ ಮಳೆಗಾಲ ನಾನು ಆ ವಾಸನೆಯೊಳಗೆ ಬದುಕಿದ್ದೆ. ನಾನು ಕೆಲಸ ಮಾಡುವ ವಿಮಾ ಕಂಪನಿಯವರು ನಾಲ್ಕು ತಿಂಗಳ ಮಟ್ಟಿಗೆ ಧಾರವಾಡದಿಂದ ಮಡಗಾಂವ್ ಶಾಖೆಗೆ ಕಳಿಸಿದ್ದರು. ಅಣ್ಣನ ಮನೆ ಅಲ್ಲಿಯೇ ಇದ್ದದ್ದರಿಂದ ರೂಮು ಹುಡುಕುವ ಪ್ರಶ್ನೆ ಬರಲಿಲ್ಲ. ನಮ್ಮದು ಬೈಲಹೊಂಗಲದ ಕಡೆಯ ಅಂಗಡಿ ಮನೆತನ. ಅಣ್ಣ ಈರಣ್ಣ ಮದುವೆಯಾದ ಹೊಸದರಲ್ಲಿ ಗೋವಾಕ್ಕೆ ಬಂದು, ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಒಂದು ಚಿಕ್ಕ ಅಂಗಡಿ ಹಿಡಿದು, ಜೋಳ, ಶೇಂಗಾ, ಬೆಲ್ಲ, ಒಣಮೆಣಸಿನಕಾಯಿ ಮಾರಲು ಕೂತಿದ್ದ. ಅಂಗಡಿ ಹೆಚ್ಚೇನೂ ನಡೆಯಲಿಲ್ಲ. ನಡೆಸಿದವರು ವೈನಿ, ಅಂದರೆ ಅಣ್ಣನ ಹೆಂಡತಿ ಮಹಾದೇವಿ. ಒಂದು ದಿನ ಮಾರಾಟವಾಗದ ಜೋಳವನ್ನು ಬೀಸಿಸಿಕೊಂಡು ಬಂದು, ಅಂಗಡಿಯ ಹಿಂದಿನ ಕೋಣೆಯಲ್ಲಿ ಒಲೆ ಹೂಡಿ, ರೊಟ್ಟಿ ಬಡಿಯಲು ಕೂತರಂತೆ. ಸಂಜೆಯ ಹೊತ್ತಿಗೆ ಗೌಂಡಿಗಳು, ಕೂಲಿಯವರು, ಮಾರ್ಕೆಟ್ಟಿನಲ್ಲಿ ಚೀಲ ಹೊರುವವರು, ಎಲ್ಲ ನಮ್ಮ ಕಡೆಯವರೇ, ಬಾಗಿಲಿಗೆ ಬಂದು ನಿಂತರಂತೆ. ಆಮೇಲೆ ಅಂಗಡಿಯನ್ನು ವೈನಿಯ ಹೆಸರಿಗೇ ಮಾಡಿಸಿದ್ದು ನಮ್ಮ ಅಪ್ಪ. ಮಗನನ್ನು ಅಪ್ಪ ಚೆನ್ನಾಗಿ ಬಲ್ಲವರಾಗಿದ್ದರು.

ನಾನು ಹೋದಾಗ ಮೋತಿ ಡೊಂಗರಿನ ಯಲ್ಲವ್ವ, ರೇಣುಕಾ ಎಂಬ ಇಬ್ಬರು ಹೆಂಗಸರು ವೈನಿಯ ಜೊತೆ ರೊಟ್ಟಿ ಬಡಿಯಲು ಬರುತ್ತಿದ್ದರು. ಯಲ್ಲವ್ವ ಅದಕ್ಕೂ ಮೊದಲು ಹತ್ತು ವರ್ಷ ಕಟ್ಟಡಗಳಲ್ಲಿ ಬುಟ್ಟಿ ಹೊತ್ತವಳು. ಅವಳು ರೊಟ್ಟಿ ಬಡಿಯುವ ಸಪ್ಪಳಕ್ಕೆ ಪಕ್ಕದ ಗೋಡೆಯ ಕ್ಯಾಲೆಂಡರು ಅಲುಗುತ್ತಿತ್ತು.

ಗೋವಾದ ಮಳೆ ನಮ್ಮ ಕಡೆಯ ಮಳೆಯ ಹಾಗೆ ಬಂದು ಹೋಗುವುದಿಲ್ಲ, ಬಂದು ಠಿಕಾಣಿ ಹೂಡುತ್ತದೆ. ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಗೀರಿದರೆ ಮೆತ್ತಗೆ ಮುರಿಯುತ್ತದೆ, ಕಪಾಟಿನಲ್ಲಿಟ್ಟ ಚಪ್ಪಲಿಯ ಮೇಲೆ ಬೂಸಲು ಬೆಳೆಯುತ್ತದೆ. ಅಂಥ ಊರಿನಲ್ಲಿ ಖಡಕ್ ರೊಟ್ಟಿ ಮಾಡುವುದೆಂದರೆ ಸಮುದ್ರದ ದಂಡೆಯಲ್ಲಿ ಹಪ್ಪಳ ಒಣಗಿಸಿದ ಹಾಗೆ. ವೈನಿ ಆ ಮಳೆಯ ಜೊತೆ ಹಟಕ್ಕೆ ಬಿದ್ದಿದ್ದರು. ಬೆಂದ ರೊಟ್ಟಿಗಳನ್ನು ಒಲೆಯ ಸುತ್ತ ನಿಲ್ಲಿಸಿ, ಆಗಾಗ ಒಂದೊಂದನ್ನೇ ತೆಗೆದು ಉಗುರಿನಿಂದ ಟಕ್ಕೆಂದು ಬಾರಿಸಿ, ಕಿವಿಯ ಹತ್ತಿರ ಹಿಡಿಯುವರು. ಸದ್ದು ಒಪ್ಪಿಗೆಯಾದರೆ ಡಬ್ಬಕ್ಕೆ, ಇಲ್ಲವಾದರೆ ಮತ್ತೆ ಒಲೆಗೆ. ನಾನೂ ಒಂದೆರಡನ್ನು ಬಾರಿಸಿ ನೋಡಿದೆ. ನನಗೆ ಎಲ್ಲವೂ ಒಂದೇ ಸದ್ದು. ಡಬ್ಬದಲ್ಲಿ ತಿಂಗಳಿಟ್ಟರೂ ವೈನಿಯ ರೊಟ್ಟಿ ಮುರಿದಾಗ ಚಟ್ಟೆನ್ನುತ್ತಿತ್ತು, ಹೊರಗೆ ಗೋಡೆಗಳೇ ಬೆವರುತ್ತಿದ್ದ ಆ ಹವೆಯಲ್ಲಿ. ಮೊದಲ ವಾರವೇ ನಾನು ಬೆರಗಾಗಿ ಹೋಗಿದ್ದೆ. ಆ ಬೆರಗಿನಲ್ಲಿಯೇ ತಲೆ ಓಡಿತು.

ಆನ್‌ಲೈನ್ ಹುಚ್ಚು ಹಚ್ಚಿದವಳು ನಾನೇ, ಇನ್ನೊಬ್ಬರ ಮೇಲೆ ಹಾಕುವುದಿಲ್ಲ. "ವೈನಿ, ಇಂಥಾ ರೊಟ್ಟಿ ಬರೇ ಈ ಓಣ್ಯಾಗ ಮಾರ್ತೀರಲ್ರಿ," ಅಂದೆ. ಅಣ್ಣ ಕಿವಿ ನಿಮಿರಿಸಿದ. ಪರವಾನಗಿ, ಫೋಟೋ, ಬ್ಯಾಂಕ್ ಖಾತೆ ಎಂದು ಎರಡು ವಾರ ಓಡಾಡಿ, ದೊಡ್ಡದೊಂದು ಮಾರಾಟದ ಆ್ಯಪ್‌ನಲ್ಲಿ ನಮ್ಮ ಅಂಗಡಿ ತೆರೆದೆವು. ಡಬ್ಬಿಯಲ್ಲಿ ಒಡೆಯದೆ ಕೂರಲೆಂದು ವೈನಿ ಅಂಗೈಗಿಂತ ಸ್ವಲ್ಪ ಅಗಲದ ಚಿಕ್ಕ ರೊಟ್ಟಿ ಬಡಿದರು. ಒಂದು ಡಬ್ಬಿಗೆ ಇಪ್ಪತ್ತು ರೊಟ್ಟಿ. ಕಟ್ಟಿದ ಡಬ್ಬಿಯ ತೂಕ ಎಷ್ಟು ಎಂದು ಆ್ಯಪ್ ಕೇಳಿತು. ಐನೂರು ಗ್ರಾಂ ದಾಟಿದರೆ ಕಳಿಸುವ ಖರ್ಚು ಒಮ್ಮೆಲೇ ಮೇಲಿನ ದರಕ್ಕೆ ಏರುತ್ತದೆ ಎಂದು ಓದಿಕೊಂಡಿದ್ದೆ. ಡಬ್ಬಿಯ ರಟ್ಟು ತೆಳ್ಳಗಿನದು ತರಿಸಿ, ಇಪ್ಪತ್ತು ರೊಟ್ಟಿ ನಾನೇ ಎಣಿಸಿ ಹಾಕಿ, ತಕ್ಕಡಿಗಿಟ್ಟೆ. ನಾನೂರ ತೊಂಬತ್ತು. ಬಿ.ಕಾಂ. ಓದಿದ್ದೂ ಸಾರ್ಥಕವಾಯಿತೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊದಲ ಆರ್ಡರು ಬಂದದ್ದು ಅಸ್ಸಾಮಿನ ತೇಜಪುರದಿಂದ. ಹೆಸರು ನೋಡಿದರೆ ನಮ್ಮ ಕಡೆಯವರದೇ. ಸೈನ್ಯದಲ್ಲಿ ಇದ್ದರೇನೋ. ವೈನಿ ನನ್ನ ಮೊಬೈಲಿನಲ್ಲಿ ನಕ್ಷೆ ತೆಗೆಸಿ, ಮಡಗಾಂವ್ ಎಲ್ಲಿ, ತೇಜಪುರ ಎಲ್ಲಿ ಎಂದು ಬೆರಳಿಟ್ಟು ನೋಡಿದರು. ಹಿಟ್ಟಿನ ಬೆರಳು ಇಟ್ಟಲ್ಲೆಲ್ಲ ಪರದೆಯ ಮೇಲೆ ಬೆಳ್ಳಗಾಯಿತು.

"ಇಲ್ಲಿಂದ ಅಲ್ಲೀತನಾ? ಮುರೀಲಾರದಂಗ ಹೋಗತೈತೇನ?" ಅಂದರು.

ಹೋಯಿತು. ಎಂಟು ದಿನಕ್ಕೆ ತೇಜಪುರದವರು ಐದು ಸ್ಟಾರ್ ಕೊಟ್ಟು, ಊರು ಬಿಟ್ಟು ಆರು ವರ್ಷವಾದ ಮೇಲೆ ಊರಿನ ಕೈ ಊಟ ಉಂಡೆ ಎಂದು ಬರೆದಿದ್ದರು. ನಾನು ಓದಿ ಹೇಳಿದೆ. ವೈನಿ ಒಲೆಯ ಮುಂದೆ ಹೋಗಿ ಕೂತರು. ನೋಡಿದರೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ಆಮೇಲೆ ಲೇಹದಿಂದ ಬಂತು, ಅಂಡಮಾನಿನಿಂದ ಬಂತು, ನಾವು ಹೆಸರೂ ಕೇಳದ ಊರುಗಳಿಂದ ಬಂತು. ಜಡಿಮಳೆಯಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಬಡಿದ ರೊಟ್ಟಿ ಹಿಮ ಬೀಳುವ ಊರಿನಲ್ಲಿ ಯಾರದೋ ತಟ್ಟೆಗೆ ಹೋಗಿ ಬೀಳುತ್ತದೆ ಎನ್ನುವುದು ನನಗಂತೂ ಇವತ್ತಿಗೂ ಸಣ್ಣ ಸಂಗತಿ ಅನ್ನಿಸಿಲ್ಲ.

ಆಷಾಢದ ಒಂದು ಮಧ್ಯಾಹ್ನ ಆಫೀಸಿನಲ್ಲಿ ಕೂತು ಮೊಬೈಲ್ ನೋಡಿದರೆ, ನಮ್ಮ ರೊಟ್ಟಿಯ ಚಿತ್ರದ ಮೇಲೆ ಕಿತ್ತಳೆ ಬಣ್ಣದ ಒಂದು ಪಟ್ಟಿ. ರೊಟ್ಟಿಯ ವಿಭಾಗದಲ್ಲಿ ಅತಿ ಹೆಚ್ಚು ಮಾರಾಟ, ಒಂದನೇ ನಂಬರ್. ಇಡೀ ದೇಶದಲ್ಲಿ! ನಾನು ಸೀಟಿನಿಂದ ಎದ್ದು ನಿಂತದ್ದನ್ನು ಕಂಡು ಪಕ್ಕದ ಟೇಬಲ್ಲಿನವರು ಯಾರಿಗೇನಾಯಿತು ಎಂದು ಕೇಳಿದರು. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನು ಆ ಪರದೆಯನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ, ಲ್ಯಾಮಿನೇಟ್ ಮಾಡಿಸಿ, ಸಂಜೆಯೊಳಗೆ ಅಂಗಡಿಯಲ್ಲಿ ದೇವರ ಫೋಟೋದ ಪಕ್ಕದಲ್ಲಿ ಏರಿಸಿಬಿಟ್ಟಿದ್ದ. ಒಂದು ಮಾಲೆ ದೇವರಿಗೆ, ಒಂದು ಮಾಲೆ ಅದಕ್ಕೆ.

ಸುದ್ದಿ ಘಟ್ಟ ಹತ್ತಿ ಊರಿಗೂ ಹೋಯಿತು. ನಮ್ಮ ಸೋದರಮಾವ ಗೋಕಾಕದಿಂದ ಫೋನ್ ಮಾಡಿ, "ನಮ್ಮ ಅಳಿಯಗ ನಿಮ್ಮ ಕಂಪನ್ಯಾಗ ಒಂದು ಮ್ಯಾನೇಜರ್ ಕೆಲಸ ನೋಡಲಾ ಈರಣ್ಣ," ಅಂದರು. ಕಂಪನಿ ಅಂದರೆ ಮೂರು ಒಲೆ, ಮೂರು ಹೆಂಗಸರು, ಒಂದು ಸೋರುವ ಕೋಣೆ. ಇಲ್ಲಿನ ಕನ್ನಡ ಬಳಗದವರು ಬಂದು ಶಾಲು ಹೊದಿಸುತ್ತೇವೆ ಎಂದರು, ಜೊತೆಗೇ ವಂತಿಗೆಯ ರಸೀದಿ ಪುಸ್ತಕವನ್ನೂ ತೆಗೆದರು. ಅಣ್ಣ ಶಾಲನ್ನೂ ತೆಗೆದುಕೊಂಡ, ರಸೀದಿಯನ್ನೂ ತೆಗೆದುಕೊಂಡ. ಅವನ ಮುಖದ ಮೇಲೆ ಅಂಥ ಬೆಳಕನ್ನು ನಾನು ಅವನ ಮದುವೆಯಲ್ಲೂ ಕಂಡಿರಲಿಲ್ಲ. ಸುಳ್ಳೇಕೆ, ನನಗೂ ಕಾಲು ನೆಲದ ಮೇಲೆ ಇರಲಿಲ್ಲ.

ಒಂದನೇ ನಂಬರಿನಲ್ಲಿ ಕೂರುವುದಕ್ಕೆ ಮೂರು ಹೆಂಗಸರು ಸಾಲಲಿಲ್ಲ. ಮೋತಿ ಡೊಂಗರಿನಿಂದ ಇನ್ನಿಬ್ಬರು ಬಂದರು. ರಿಯಾಯಿತಿಯ ಹಬ್ಬ ಎಂದು ಆ್ಯಪ್‌ನವರು ಆಗಾಗ ಸಾರುತ್ತಿದ್ದರು. ಸೇರದಿದ್ದರೆ ಕೆಳಗಿಳಿಯುತ್ತೇವೆಂದು ಅಣ್ಣ ಸೇರುತ್ತಿದ್ದ. ಬಡಿದ ರೊಟ್ಟಿಯೆಲ್ಲ ಪಾರ್ಸಲ್ಲಿಗೆ ಹೋಗತೊಡಗಿತು. ಅಂಗಡಿಯ ಕಟ್ಟೆಯ ಮೇಲೆ ಮೊದಲು ಸಂಜೆ ಹೊತ್ತು ಪೇರಿಸಿಟ್ಟಿರುತ್ತಿದ್ದ ರೊಟ್ಟಿಯ ಜಾಗದಲ್ಲಿ ರಟ್ಟಿನ ಡಬ್ಬಿಗಳ ಗೋಪುರ ಬಂತು. ದಾಬೋಲಿಮ್‌ನಲ್ಲಿ ಏರ್‌ಪೋರ್ಟ್ ಹತ್ತಿರದ ಕಟ್ಟಡವೊಂದರಲ್ಲಿ ಕೆಲಸ ಮಾಡುತ್ತಿದ್ದ ಹನಮಂತ ಎಂಬ ಗೌಂಡಿ ಪ್ರತಿ ಶನಿವಾರ ಬಸ್ಸು ಹಿಡಿದು ಬಂದು ತನ್ನ ರೂಮಿನ ಐವರಿಗೂ ವಾರದ ರೊಟ್ಟಿ ಒಯ್ಯುವವನು. ಮೂರು ಶನಿವಾರ ಅವನನ್ನು ಬರಿಗೈಲಿ ಕಳಿಸಿದ್ದಾಯಿತು. ಮೂರನೇ ಸಲ ನಾನೇ ಕಟ್ಟೆಯ ಮೇಲಿದ್ದೆ.

"ಎಲ್ಲಾ ಪಾರ್ಸಲ್ಲಿಗೆ ಹೋದುವಪಾ," ಅಂದೆ.

ಅವನು ತಲೆಯ ಮೇಲಿನ ಪ್ಲಾಸ್ಟಿಕ್ಕಿನಿಂದ ನೀರು ಸುರಿಸಿಕೊಳ್ಳುತ್ತ ಆ ಡಬ್ಬಿಗಳ ರಾಶಿಯನ್ನು ನೋಡಿದ. "ಅವ್ರು ನಮಗಿಂತ ಭಾಳ ಹಸದಾರೇನ್ರಿ?" ಅಂದ. ಸಿಟ್ಟಿನಿಂದ ಕೇಳಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ. ಒಳಗೆ ವೈನಿಗೆ ಅದು ಕೇಳಿಸಿತ್ತು ಎಂದು ಆಮೇಲೆ ಗೊತ್ತಾಯಿತು.

ಅಷ್ಟರಲ್ಲಿ ಅಣ್ಣ ಫಾತೋರ್ಡಾದಲ್ಲಿ ಒಂದು ದೊಡ್ಡ ಗೋದಾಮು ನೋಡಿ ಬಂದಿದ್ದ. ಹತ್ತು ಒಲೆ ಹೂಡಬಹುದು, ಟೆಂಪೋ ಬಾಗಿಲಿಗೇ ಬರುತ್ತದೆ, ಗಣೇಶ ಚವತಿಯ ಮೊದಲು ಮುಂಗಡ ಕೊಟ್ಟರೆ ನಮ್ಮದು. ಮುಂಗಡಕ್ಕೆ ದಾರಿಯನ್ನೂ ಅವನೇ ಹುಡುಕಿದ್ದ: ಓಣಿಯ ಅಂಗಡಿಯನ್ನು ಮೊಬೈಲ್ ಕವರ್ ಮಾರುವವನೊಬ್ಬನಿಗೆ ಬಿಟ್ಟುಕೊಡುವುದು. ಮಾರ್ಕೆಟ್ಟಿನಲ್ಲಿ ಒಮ್ಮೆ ಬಿಟ್ಟುಕೊಟ್ಟ ಅಂಗಡಿ ಮತ್ತೆ ಕೈಗೆ ಸಿಗುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಸಹಿ ಬೇಕಾದದ್ದು ವೈನಿಯದು. ಅಣ್ಣ ದಿನಾ ಊಟಕ್ಕೆ ಕೂತಾಗ ಗೋದಾಮಿನ ಮಾತು ತೆಗೆಯುವನು, ವೈನಿ ದಿನಾ ಇನ್ನೊಂದು ರೊಟ್ಟಿ ಬಡಿಸುವರು. ಚವತಿಗೆ ಒಂದು ತಿಂಗಳಿತ್ತು.

ಒಂದು ಭಾನುವಾರ ಬೆಳಿಗ್ಗೆ ವೈನಿ ಚಹಾದ ಕಪ್ಪು ಹಿಡಿದು ನನ್ನ ಎದುರಿಗೆ ಬಂದು ಕೂತರು.

"ಸುಮಾ, ನೀ ಓದಿದಾಕಿ. ನನಗ ಒಂದ ಮಾತು ತಿಳಿಸಿ ಹೇಳು. ಒಂದನೇ ನಂಬರ್ ಇರಲಾರದಾಗ ಗಲ್ಲಾದಾಗಿನ ರೊಕ್ಕದಾಗ ವಾರಕ್ಕ ಎರಡು ಚೀಲ ಜ್ವಾಳ ತರಿಸ್ತಿದ್ವಿ, ಕೈಯಾಗ ನಾಕು ಕಾಸೂ ಉಳೀತಿತ್ತು. ಈಗ ಒಂದನೇ ನಂಬರ್ ಆಗೇವಿ. ಬೆಳಗಾವಿ ಜ್ವಾಳದ ಸಾವಕಾರಗ ಮುಂದಿನ ವಾರ ಕೊಡ್ತೇವ್ರಿ ಅಂತ ಹೇಳಾಕತ್ತೇವಿ. ಹೆಂಗ ಇದು?"

"ಬೆಳ್ಯಾಕತ್ತೈತಲ್ರಿ ವೈನಿ, ಮೊದಲು ಹಾಕಬೇಕಾಗತೈತಿ," ಅಂದೆ. ಆಫೀಸಿನಲ್ಲಿ ಹಿಂಗೆ ಹೇಳುವವರನ್ನು ದಿನಾ ನೋಡುತ್ತಿದ್ದೆನಲ್ಲ.

"ಹಂಗಂದ್ರ ಎಷ್ಟು ಉಳೀತೈತಿ, ಕೂತು ನೋಡು. ನೋಡಿ ಹೇಳು. ಆಮ್ಯಾಲ ಸಹಿ ಮಾಡ್ತೇನಿ."

ಪ್ರತಿ ವಾರ ಆ್ಯಪ್‌ನವರು ಖಾತೆಗೆ ಒಂದು ಗಂಟು ದುಡ್ಡು ಹಾಕುತ್ತಿದ್ದರು, ಅದು ಪ್ರತಿ ವಾರ ಜೋಳಕ್ಕೆ, ಡಬ್ಬಿಗೆ, ಹೆಂಗಸರ ಕೂಲಿಗೆ ಹೋಗುತ್ತಿತ್ತು. ಬರುವುದನ್ನು ಕಂಡಿದ್ದೆವು, ಏನು ಕತ್ತರಿಸಿಕೊಂಡು ಬರುತ್ತದೆ ಎಂದು ತೆರೆದು ನೋಡಿರಲಿಲ್ಲ. ಅವತ್ತು ತೆರೆದೆ. ಕಮಿಷನ್, ಸಾಗಣೆ, ತೆರಿಗೆ, ರಿಯಾಯಿತಿ, ಇವೆಲ್ಲ ಗೊತ್ತಿದ್ದವೇ. ಆದರೆ ಪ್ರತಿಯೊಂದು ಡಬ್ಬಿಯ ಎದುರಿಗೂ ಇನ್ನೊಂದು ಕಡಿತ ಇತ್ತು. ತೂಕದ ವ್ಯತ್ಯಾಸ. ಪ್ರತಿಯೊಂದಕ್ಕೂ. ಅವರು ತಮ್ಮಲ್ಲಿ ಮತ್ತೆ ತೂಗಿ, ನೀವು ಹೇಳಿದ್ದಕ್ಕಿಂತ ಹೆಚ್ಚಿದೆ ಎಂದು ಮೇಲಿನ ದರ ಹಾಕಿದ್ದರು. ನನಗೆ ರೇಗಿ ಹೋಯಿತು. ನಾನು ಕಣ್ಣಾರೆ ತೂಗಿದ ಡಬ್ಬಿ, ಇವರಿಗೆ ತೂಗಲು ಬರುವುದಿಲ್ಲವೇ?

"ವೈನಿ, ಕಟ್ಟಿದ ಡಬ್ಬಿ ಒಂದ ಕೊಡ್ರಿ," ಅಂದೆ. ತಕ್ಕಡಿಗಿಟ್ಟೆ. ಐನೂರ ಮೂವತ್ತು.

ಇನ್ನೊಂದಿಟ್ಟೆ. ಐನೂರ ಇಪ್ಪತ್ತೆಂಟು. ಡಬ್ಬಿ ಹರಿದು ರೊಟ್ಟಿ ಎಣಿಸಿದೆ. ಇಪ್ಪತ್ತೆರಡು ಇದ್ದವು.

"ಇದರಾಗ ಎರಡು ಹೆಚ್ಚ ಅದಾವಲ್ರಿ!"

"ಅವು ಕೊಸರು," ಅಂದರು ವೈನಿ, ನಾನು ಏನೋ ಮೂರ್ಖ ಪ್ರಶ್ನೆ ಕೇಳಿದವಳ ಹಾಗೆ. "ಎಣಿಸಿ ಕೊಟ್ಟು ಕೈ ಝಾಡಿಸಾಕ ನಾವೇನು ಬ್ಯಾಂಕಿನ್ಯಾರೇನು? ಇಪ್ಪತ್ತು ಕೇಳಿದವರಿಗೆ ಬರೇ ಇಪ್ಪತ್ತು ಕೊಟ್ಟು ಕಳಿಸೂದು ಅಂದ್ರ, ಬಂದ ಮಂದೀನ ಬಾಗಲಾಗ ನಿಂದರಿಸಿ ಮಾತಾಡಿಸಿದಂಗ."

ನಮ್ಮ ಮನೆತನದ ಅಂಗಡಿಯಲ್ಲಿ ಕೊಸರು ಹಾಕದೆ ಯಾರೂ ಏನನ್ನೂ ಕೊಟ್ಟದ್ದಿಲ್ಲ. ಒಂದು ಸೇರು ಶೇಂಗಾದ ಮೇಲೆ ಒಂದು ಹಿಡಿ, ಐದು ರೊಟ್ಟಿಯ ಮೇಲೆ ಒಂದು ರೊಟ್ಟಿ. ನಾನೂ ಚಿಕ್ಕಂದಿನಿಂದ ಅದನ್ನೇ ನೋಡಿ ಬೆಳೆದವಳು. ಮೊದಲ ದಿನ ಇಪ್ಪತ್ತು ಎಣಿಸಿ ತೂಗಿದ ನನಗೆ, ವೈನಿಯ ಕೈ ಡಬ್ಬಿ ಮುಚ್ಚುವ ಮುಂಚೆ ಸುಮ್ಮನಿರುವುದಿಲ್ಲ ಎಂಬುದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಪೆನ್ನು ಹಿಡಿದು ಲೆಕ್ಕ ಮಾಡಿದೆ. ಇಪ್ಪತ್ತೇ ಹಾಕಿದ್ದರೆ ಒಂದು ಡಬ್ಬಿಗೆ ಹನ್ನೊಂದು ರೂಪಾಯಿ ಉಳಿಯುತ್ತಿತ್ತು. ಮೇಲೆ ಎರಡು ಹಾಕಿದ್ದಕ್ಕೆ, ಏರಿದ ಸಾಗಣೆ ದರ ಸೇರಿ, ಒಂದೊಂದು ಡಬ್ಬಿಗೂ ನಾವೇ ಇಪ್ಪತ್ತೆಂಟು ರೂಪಾಯಿ ಕೈಯಿಂದ ಕಟ್ಟಿ ಕಳಿಸಿದ್ದೆವು. ತೇಜಪುರಕ್ಕೆ, ಲೇಹಕ್ಕೆ, ಅಂಡಮಾನಿಗೆ. ಹೆಚ್ಚು ಮಾರಿದಷ್ಟೂ ಹೆಚ್ಚು ಹೋಗಿತ್ತು. ದೇಶದಲ್ಲಿ ಎಲ್ಲರಿಗಿಂತ ಹೆಚ್ಚು ಮಾರಿದವರು ನಾವು. ಮಾಲೆ ಹಾಕಿಸಿಕೊಂಡು ಗೋಡೆಯ ಮೇಲಿದ್ದ ಆ ಹಾಳೆಯನ್ನು ನೋಡಿ ನನಗೆ ನಗು ಬಂತು.

ಅಣ್ಣನಿಗೆ ಹೇಳಿದರೆ ಅವನು ಕುಣಿದಾಡಿಬಿಟ್ಟ. "ಇಷ್ಟ ಏನ? ಎರಡು ರೊಟ್ಟಿ ತಗದ್ರ ಮುಗೀತಲ್ಲ! ಒಂದನೇ ನಂಬರೂ ನಮ್ಮದ, ಲಾಭಾನೂ ನಮ್ಮದ." ಮರುದಿನದಿಂದ ಇಪ್ಪತ್ತೇ ಎಂದು ಹುಕುಂ ಆಯಿತು.

ಹೇಳಿದಷ್ಟು ಸುಲಭ ಇರಲಿಲ್ಲ ಅದು. ನಾನು ಎರಡು ದಿನ ರಜೆ ಹಾಕಿ ಡಬ್ಬಿ ಕಟ್ಟುವಲ್ಲಿ ಕಾವಲು ಕೂತೆ. ಯಲ್ಲವ್ವ ಇಪ್ಪತ್ತು ಎಣಿಸುವಳು, ಮುಚ್ಚಳ ಹಿಡಿಯುವಳು, ಅಷ್ಟರಲ್ಲಿ ಇನ್ನೊಂದು ಕೈ ತಾನಾಗಿ ರೊಟ್ಟಿಯ ರಾಶಿಗೆ ಹೋಗುವುದು. "ಯಲ್ಲವ್ವಾ!" ಎಂದು ನಾನು ಕೂಗಬೇಕು. "ಕೈ ಕೇಳವಲ್ದ್ರೀ ಬಾಯಾರ," ಎಂದು ಅವಳು ನಾಚಿಕೊಳ್ಳಬೇಕು. ಹತ್ತು ವರ್ಷ ಲೆಕ್ಕ ಹಾಕಿ ಕೂಲಿ ಪಡೆದವಳು, ಯಾರಿಂದಲೂ ಒಂದು ರೂಪಾಯಿ ಕೊಸರು ಕಾಣದವಳು, ಗುರುತಿಲ್ಲದವರಿಗೆ ಎರಡು ರೊಟ್ಟಿ ಹೆಚ್ಚಿಗೆ ಇಡದೆ ಇರಲಾರಳು. ನಾನು ಅವಳ ಕೈ ಹಿಡಿದು ತಡೆಯುತ್ತಿದ್ದೆ, ಮತ್ತು ಒಳಗೊಳಗೆ ಆ ಕೈಗೆ ನಮಸ್ಕಾರ ಮಾಡುತ್ತಿದ್ದೆ. ಎರಡನ್ನೂ ಒಟ್ಟಿಗೆ ಮಾಡುವುದು ಕಷ್ಟ. ವೈನಿ ಮಾತ್ರ ಆ ಎರಡು ದಿನ ಡಬ್ಬಿಯ ಹತ್ತಿರ ಬರಲೇ ಇಲ್ಲ, ಒಲೆಯ ಮುಂದೆಯೇ ಇದ್ದರು.

ಹತ್ತು ದಿನಕ್ಕೆ ಜನ ಬರೆಯತೊಡಗಿದರು. ಹೋದ ಸಲ ಇಪ್ಪತ್ತೆರಡು ಇದ್ದವು, ಈಗ ಹೆಸರು ಬಂದಿದೆ, ಕೈ ಬಿಗಿಯಾಗಿದೆ ಎಂದು ಒಬ್ಬರು. ಮೋಸ ಎಂದು ಇನ್ನೊಬ್ಬರು, ಎರಡು ಸ್ಟಾರ್. ತೇಜಪುರದವರೂ ಬರೆದಿದ್ದರು. ಅವರು ಬೈದಿರಲಿಲ್ಲ. "ಊರಿನವರು ಅಂದುಕೊಂಡಿದ್ದೆ" ಎಂದು ಒಂದೇ ಸಾಲು. ಅದನ್ನು ನಾನು ವೈನಿಗೆ ಓದಿ ಹೇಳಬಾರದಿತ್ತು. ಹೇಳಿಬಿಟ್ಟೆ. ಅವರು ಅವತ್ತು ಊಟ ಮಾಡಲಿಲ್ಲ.

ಹಳೆಯ ಬರಹಗಳನ್ನೆಲ್ಲ ಆಗ ಮೊದಲಿನಿಂದ ಓದಿದೆ. ಐದು ಸ್ಟಾರ್ ಕೊಟ್ಟವರಲ್ಲಿ ಹೆಚ್ಚಿನವರು ರುಚಿಯ ಮಾತು ಬರೆದು, ಕೊನೆಗೆ ಆ ಎರಡು ರೊಟ್ಟಿಯ ಮಾತು ಬರೆದಿದ್ದರು. ಎರಡು ಹೆಚ್ಚಿಗೆ ಇದ್ದವು, ಯಾರು ಇಟ್ಟರೋ ಅವರ ಹೊಟ್ಟೆ ತಣ್ಣಗಿರಲಿ. ಎರಡು ಹೆಚ್ಚಿಗೆ ಇದ್ದವು, ನಮ್ಮ ಅಜ್ಜಿಯೂ ಹೀಗೇ ಕಟ್ಟುತ್ತಿದ್ದಳು. ನಮ್ಮನ್ನು ಒಂದನೇ ನಂಬರಿಗೆ ಏರಿಸಿದ್ದು ಆ ಎರಡು ರೊಟ್ಟಿ, ನಮ್ಮನ್ನು ತಿಂದದ್ದೂ ಅವೇ. ಅಂಗೈ ಅಗಲದ, ಮೂಗಿನ ಗಾಳಿಗೆ ಹಾರುವಷ್ಟು ಹಗುರದ ಎರಡು ರೊಟ್ಟಿಗೆ ಇಷ್ಟು ಬಲ ಇದೆಯೆಂದು ಯಾವ ಕಾಲೇಜಿನಲ್ಲೂ ನನಗೆ ಹೇಳಿರಲಿಲ್ಲ. ಒಂದು ವಾರದಲ್ಲಿ ನಾವು ಮೂರನೆಯವರಾದೆವು, ಆಮೇಲೆ ಒಂಬತ್ತನೆಯವರು, ಆಮೇಲೆ ಬೆರಳಿನಿಂದ ಎಷ್ಟು ಸರಿಸಿದರೂ ನಮ್ಮ ಚಿತ್ರ ಸಿಗಲಿಲ್ಲ.

ಚವತಿಗೆ ನಾಲ್ಕು ದಿನ ಇರುವಾಗ ಮೊಬೈಲ್ ಕವರಿನವನು ಕಾಗದ ಹಿಡಿದು ಅಂಗಡಿಗೆ ಬಂದ. ಅಣ್ಣ ಸೋತಿರಲಿಲ್ಲ. ಗೋದಾಮಿಗೆ ಹೋದರೆ ಖರ್ಚು ಕಡಿಮೆಯಾಗುತ್ತದೆ, ಜಾಹೀರಾತು ಕೊಟ್ಟು ಮತ್ತೆ ಏರುತ್ತೇವೆ, ಒಮ್ಮೆ ಏರಿದವರಿಗೆ ದಾರಿ ಗೊತ್ತಿರುತ್ತದೆ ಎಂದು ಅವನ ವಾದ. ಕಾಗದವನ್ನು ಕಟ್ಟೆಯ ಮೇಲ್ಗಡೆ ಒಣ ಜಾಗ ನೋಡಿ ಹರಡಿ, ಪೆನ್ನಿನ ಟೋಪಿ ತೆಗೆದು ಇಟ್ಟ. ವೈನಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಹೊರಗೆ ಮಳೆ ಹೊಯ್ಯುತ್ತಿತ್ತು. ಈ ಸಹಿಗೆ ಕಾರಣವಾದವಳು ನಾನು.

"ಕೊಸರು ಹಾಕಿದ್ರ ರೊಕ್ಕ ಹೋಗತೈತಿ," ಅಂದರು ವೈನಿ. "ಹಾಕಲಿಲ್ಲಂದ್ರ ಹೆಸರು ಹೋಗತೈತಿ. ಎರಡೂ ಹೋಗೂ ಜಾಗಾಕ್ಕ ನನ್ನ ಅಂಗಡಿ ಯಾಕ ಕೊಡ್ಲ್ರಿ?"

"ಅಲ್ಲ, ಒಂದನೇ ನಂಬರ್ ಇದ್ದಾಕಿ ನೀ! ಮತ್ತ ಈ ಓಣ್ಯಾಗ ಐದು, ಆರು ಅಂತ ಮಾರ್ಕೋತ ಕುಂದರ್ತೀ ಏನ?"

"ಹೌದ್ರಿ. ಇಲ್ಲಿ ನಾ ಒಂದು ಹೆಚ್ಚ ಕೊಟ್ರ ತೂಗಿ ನೋಡಾವ್ರು ಯಾರೂ ಇಲ್ಲ. ಹಿಟ್ಟಿನ ಖರ್ಚು ಬಿಟ್ರ ಮತ್ತೇನಿಲ್ಲ. ಆ ರೊಟ್ಟೀಗೆ ಬಸ್ ಚಾರ್ಜ್ ಕೊಡಬೇಕಾಗೂದಿಲ್ಲ. ಬಂದಾವ ತಾನ ಬಸ್ ಚಾರ್ಜ್ ಕೊಟ್ಟು ಬಂದಿರ್ತಾನ."

ಪೆನ್ನಿಗೆ ಟೋಪಿ ಹಾಕಿ ಅಣ್ಣನ ಜೇಬಿನಲ್ಲಿ ತಾವೇ ಸಿಗಿಸಿದರು. ಮೊಬೈಲ್ ಕವರಿನವನಿಗೆ ಕೂರಲು ಹೇಳಿ ಚಹಾ ಕೊಟ್ಟರು. ಅಷ್ಟೇ. ನಾನು ಆಫೀಸಿನಲ್ಲಿ ಎಷ್ಟೋ ದೊಡ್ಡವರನ್ನು ನೋಡಿದ್ದೇನೆ. ದೇಶವೇ ಮೆಚ್ಚಿ ಕೂರಿಸಿದ ಜಾಗದಿಂದ ಇಷ್ಟು ನೆಟ್ಟಗೆ ಎದ್ದು ಬಂದು ಒಲೆಯ ಮುಂದೆ ಕೂತವರನ್ನು ಇನ್ನೊಬ್ಬರನ್ನು ನೋಡಿಲ್ಲ.

ಅಣ್ಣ ಎರಡು ದಿನ ಮುನಿಸಿಕೊಂಡೇ ಇದ್ದ. ಮೂರನೇ ದಿನ ಗೋಡೆಯ ಮೇಲಿನ ಲ್ಯಾಮಿನೇಟ್ ಹಾಳೆಯನ್ನು ಅವನೇ ಇಳಿಸಿ, ಸೋರುವ ಮೂಲೆಯಲ್ಲಿದ್ದ ಜೋಳದ ಚೀಲದ ಮೇಲೆ ಹೊದಿಸಿದ. ಒಳ್ಳೆಯ ಹಾಳೆ, ಒಂದು ಹನಿ ಒಳಗೆ ಹೋಗಲಿಲ್ಲ. ಹೊಸದಾಗಿ ಬಂದ ಇಬ್ಬರು ಹೆಂಗಸರಲ್ಲಿ ಒಬ್ಬಳನ್ನು ಉಳಿಸಿಕೊಳ್ಳಲಾಯಿತು, ಇನ್ನೊಬ್ಬಳಿಗೆ ವೈನಿ ಹೋಟೆಲೊಂದರಲ್ಲಿ ಕೆಲಸ ನೋಡಿ ಕೊಟ್ಟರು. ಆ್ಯಪ್‌ನಲ್ಲಿನ ಅಂಗಡಿ ಮುಚ್ಚಿದೆವು. ಕಟ್ಟೆಯ ಮೇಲೆ ಸಂಜೆಯ ರೊಟ್ಟಿ ಮತ್ತೆ ಬಂತು. ಗಿರಾಕಿಗಳು ಎಲ್ಲರೂ ಬರಲಿಲ್ಲ. ಮುನಿದು ಬೇರೆ ಕಡೆ ಹೋದವರು ಹೋದರು. ಹನಮಂತ ಎರಡು ಶನಿವಾರ ಬಿಟ್ಟು ಮೂರನೇ ಶನಿವಾರ ಬಂದ, ರೊಟ್ಟಿ ಕಂಡು ಚೀಲ ಬಿಚ್ಚಿ ಹಿಡಿದ. ಆ ವಾರ ಜೋಳದ ಸಾಹುಕಾರರ ಬಾಕಿಯಲ್ಲಿ ಒಂದು ಭಾಗ ತೀರಿತು.

ನಾನು ಧಾರವಾಡಕ್ಕೆ ಮರಳುವ ವಾರ ವೈನಿ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕೇಳಿದರು. "ಸುಮಾ, ಆ ಒಂದನೇ ನಂಬರ್ ಈಗ ಯಾರ ಕಡೆ ಐತಿ?"

ನೋಡಿದೆ. ಕಿತ್ತಳೆ ಪಟ್ಟಿ ಸೊಲ್ಲಾಪುರದ ದಾರಿಯಲ್ಲಿನ ಒಂದು ಊರಿಗೆ ಹೋಗಿತ್ತು. ಮಾಡುವವರ ಹೆಸರು ಕಸ್ತೂರಿಬಾಯಿ. ವೈನಿ ಚಿತ್ರವನ್ನು ಹಿಗ್ಗಿಸಿ ನೋಡಿ, "ಚಲೋ ಬಡದಾಳ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಒಂದು ಡಬ್ಬಿ ತರಿಸು," ಅಂದರು. ಸವತಿಯ ಸೀರೆ ನೋಡುವ ಆಸೆ ಇರಬೇಕೆಂದು ನಾನು ಕೀಟಲೆ ಮಾಡಿದೆ. ಅವರು ನಗಲಿಲ್ಲ.

ಡಬ್ಬಿ ನಾನು ಹೊರಡುವ ಹಿಂದಿನ ದಿನ ಬಂತು. ವೈನಿ ಅದನ್ನು ಬಿಚ್ಚುವ ಮುಂಚೆಯೇ ತಕ್ಕಡಿಗಿಟ್ಟರು. ಐನೂರ ನಲವತ್ತು. ಬಿಚ್ಚಿದರೆ ರೊಟ್ಟಿ ಸರಿಯಾಗಿ ಇಪ್ಪತ್ತೇ. ಅವುಗಳ ನಡುವೆ ಕಾಗದದಲ್ಲಿ ಮಡಚಿ ದಾರ ಸುತ್ತಿದ ಒಂದು ಪುಡಿಕೆ ಶೇಂಗಾ ಚಟ್ನಿ. ಡಬ್ಬಿಯ ಮೇಲೆ ಎಲ್ಲೂ ಅದರ ಹೆಸರಿರಲಿಲ್ಲ. ವೈನಿ ಆ ಪುಡಿಕೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಎಷ್ಟೋ ಹೊತ್ತು ನೋಡಿದರು. ಆಮೇಲೆ ಡಬ್ಬಿಯ ಅಡಿಯಲ್ಲಿದ್ದ ಫೋನ್ ನಂಬರ್ ತೋರಿಸಿ, "ಹಚ್ಚು," ಅಂದರು.

ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಇಟ್ಟೆ. ಆ ಕಡೆಯಿಂದ ಹರೆಯದ ಹೆಂಗಸಿನ ದನಿ ಬಂತು, ಹಿಂದೆ ರೊಟ್ಟಿ ಬಡಿಯುವ ಸಪ್ಪಳ.

"ನಿಮ್ಮ ರೊಟ್ಟಿ ಬಂದುವ್ರಿ. ಭಾಳ ಚಲೋ ಅದಾವ," ಅಂದರು ವೈನಿ.

"ಹೌದ್ರಿ? ಖುಷಿ ಆತ್ರಿ ಅಕ್ಕಾರ. ಐದು ಸ್ಟಾರ್ ಕೊಡ್ರಿ ಮತ್ತ!"

"ಕೊಡ್ತೇನಿ. ನಿಮ್ಮ ಮನ್ಯಾಗ ತಕ್ಕಡಿ ಐತೇನ್ರಿ?"

"ಐತ್ರಿ. ಯಾಕ್ರಿ?"

"ಕಟ್ಟಿದ ಡಬ್ಬಿ ಒಂದ ತಂದು ಅದರ ಮ್ಯಾಲ ಇಡ್ರಿ. ನಾ ಕಾಯ್ತೇನಿ."

ಆ ಕಡೆ ಏನೋ ಸರಿಸಿದ ಸದ್ದು. ಈ ಕಡೆ ಯಲ್ಲವ್ವ, ರೇಣುಕಾ ಬಡಿಯುವುದನ್ನು ನಿಲ್ಲಿಸಿ ಹಿಟ್ಟಿನ ಕೈಯಲ್ಲೇ ಬಂದು ನಿಂತರು. ಅಣ್ಣ ಕಟ್ಟೆಯಿಂದ ಎದ್ದು ಬಂದ. ತಮ್ಮ ಜಾಗವನ್ನು ಹಿಡಿದವಳಿಗೆ ಇವರು ಏನು ಹೇಳಲು ಹೊರಟಿದ್ದಾರೆಂದು ನನಗೆ ಆಗಷ್ಟೇ ಹೊಳೆಯಿತು.

"ಐನೂರ ನಲವತ್ತು ತೋರ್ಸಾಕತ್ತೈತ್ರಿ."

"ಚಟ್ನಿ ಪುಡಿಕಿ ಹೊರಗ ತಗದು ಇಡ್ರಿ."

"ನಾನೂರ ತೊಂಬತ್ತರಿ."

"ಐನೂರು ದಾಟಿದ್ಕ ಅವ್ರು ಏನು ಕತ್ತರಿಸ್ಯಾರ ಅಂತ ಇವತ್ತ ಕೂತು ನೋಡ್ರಿ. ನಾಳೆ ಅನಬ್ಯಾಡ್ರಿ. ಮೊದಲ ನೋಡ್ರಿ, ಆಮ್ಯಾಲ ಯಾವದಕ್ಕರ ಸಹಿ ಮಾಡ್ರಿ."

ಆ ಕಡೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಆಮೇಲೆ ಆ ದನಿ, ಮೊದಲಿನ ನಗೆ ಇಲ್ಲದೆ, ಸಣ್ಣಗೆ ಕೇಳಿತು.

"ಅಕ್ಕಾರ, ನೀವು ಯಾರ್ರಿ? ಆ ಕಂಪನ್ಯಾವ್ರೇನು?"

"ಅಲ್ಲವಾ ತಂಗಿ," ಅಂದರು ವೈನಿ. "ನಾ ನಿನಗಿಂತ ಮೊದಲಿನ ಒಂದನೇ ನಂಬರ್."